ಬಿಯರ್ ತೊಟ್ಟ ಸಮವಸ್ತ್ರ

ಹಳೆಯ ಬಿಯರ್ ಜಾಹೀರಾತುಗಳನ್ನು ಅಲಂಕಾರಕ್ಕೆಂದು ಸಂಗ್ರಹಿಸುವವರುಂಟು. ಅರ್ಥಶಾಸ್ತ್ರ ಓದಿ, ಸರ್ಕಾರಿ ಕಡತಗಳ ನಡುವೆ ಆಯುಷ್ಯ ಸವೆಸಿದ ನನಗೆ ಅವು ಮಾರುಕಟ್ಟೆ ನಿರ್ಮಾಣದ ದಾಖಲೆಗಳಾಗಿ ಕಾಣುತ್ತವೆ.

ಅಮೆರಿಕದ ಬಿಯರ್ ತಯಾರಕರಿಗೆ ಯುದ್ಧವೆಂದರೆ ಭಯವಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಧಾನ್ಯ ಉಳಿಸಬೇಕೆಂಬ ವಾದ ಬಲಗೊಂಡು, 1920ರಿಂದ 1933ರವರೆಗಿನ ಪಾನನಿಷೇಧಕ್ಕೆ ಹಾದಿ ಸುಗಮವಾಗಿತ್ತು. ಎರಡನೆಯ ಯುದ್ಧದಲ್ಲಿ ಅವರು ಎಚ್ಚೆತ್ತಿದ್ದರು. ಜಾಹೀರಾತುಗಳು ರುಚಿಗಿಂತ ಹೆಚ್ಚಾಗಿ ಮನೋಸ್ಥೈರ್ಯವನ್ನು ಕೊಂಡಾಡಿದವು. 1942ರಲ್ಲಿ ಸೇನಾ ಭರ್ತಿಯ ವಯಸ್ಸನ್ನು 18ಕ್ಕೆ ಇಳಿಸುವಾಗ, ಶಿಬಿರಗಳ ಸುತ್ತ ಮದ್ಯ ನಿಷೇಧಿಸಬೇಕೆಂಬ ಸೆನೆಟರ್ ಜೋಶ್ ಲೀ ಅವರ ತಿದ್ದುಪಡಿ ಬಿದ್ದುಹೋಯಿತು. ಮರುವರ್ಷ ಸರ್ಕಾರವೇ ಬಿಯರ್ ಉತ್ಪಾದನೆಯ ಶೇ. 15ರಷ್ಟನ್ನು ಸೇನೆಗೆ ಮೀಸಲಿಡುವಂತೆ ಆಜ್ಞಾಪಿಸಿತು. ತವರದ ಅಭಾವದಿಂದ ನಾಗರಿಕರಿಗೆ ಬಿಯರ್ ಡಬ್ಬಿಗಳು ಇಲ್ಲವಾದವು. ಸೈನಿಕರಿಗಾಗಿ ಮಾತ್ರ ಮಂಕು ಹಸಿರು ಬಳಿದ ಡಬ್ಬಿಗಳು ಸಾಗರ ದಾಟಿದವು.

ದಣಿದ ಸೈನಿಕನ ಬಿಯರಿಗೆ ನನ್ನ ಆಕ್ಷೇಪವಿಲ್ಲ. ಆದರೆ 18ರ ಹುಡುಗನ ನಾಲಗೆಗೆ ಒಂದು ಸರಕನ್ನು ಪರಿಚಯಿಸುವ ಕೆಲಸವನ್ನು ಸರ್ಕಾರವೇ ವಹಿಸಿಕೊಂಡಾಗ, ಹಣ ತೆತ್ತು ಹಾಕಿಸಿದ ಯಾವ ಜಾಹೀರಾತು ಅದಕ್ಕೆ ಸಾಟಿಯಾದೀತು? 1945ರ ಹೊತ್ತಿಗೆ ಅಲ್ಲಿನ ಬಿಯರ್ ಉತ್ಪಾದನೆ 1940ರ ಮಟ್ಟಕ್ಕಿಂತ ಮೂರನೆಯ ಒಂದು ಪಾಲಿಗೂ ಮಿಗಿಲಾಗಿ ಏರಿತ್ತು. ಆ ಮಂಕು ಹಸಿರು ಡಬ್ಬಿಗಳನ್ನೂ ಈಗ ಸಂಗ್ರಾಹಕರು ಹುಡುಕುತ್ತಾರೆ.