ತವರು ಮೈದಾನವಿಲ್ಲದ ಲೀಗು: ಕ್ರೀಡಾ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಮೋಟರ್‌ಸೈಕಲ್ ರೇಸಿಂಗ್ ಲೀಗಿಗೆ ನಗರದ ದಕ್ಷಿಣ ಭಾಗದಲ್ಲಿ ಕಾಯಂ ಮಣ್ಣಿನ ಟ್ರ್ಯಾಕ್ ಒದಗಿಸುವ ಕುರಿತು.

ಮಾನ್ಯರೇ,

ಯಾವುದೇ ಕ್ರೀಡಾ ಲೀಗು ಒಂದು ಊರಿನಲ್ಲಿ ಬೇರೂರಬೇಕಾದರೆ ಹೊರಗಿನಿಂದ ಬರುವ ತಾರಾ ಸವಾರರಿಗಿಂತ, ಬಹುಮಾನದ ಮೊತ್ತಕ್ಕಿಂತ ಮೊದಲು ಅದಕ್ಕೆ ಆ ಊರಿನದೇ ಆದ ಒಂದು ತಂಡ, ಆ ತಂಡ ವರ್ಷವರ್ಷವೂ ಆಡುವ ಒಂದು ಮೈದಾನ ಮತ್ತು ಅಭಿಮಾನಿಗಳು ಮೊದಲೇ ಗುರುತು ಹಾಕಿಕೊಳ್ಳಬಹುದಾದ ಒಂದು ಪಂದ್ಯಪಟ್ಟಿ ಬೇಕು. ಈ ಮೂರರಲ್ಲಿ ಮೈದಾನವೊಂದು ಮಾತ್ರ ಸರ್ಕಾರದ ಕೈಯಲ್ಲಿದೆ. ಉಳಿದೆರಡೂ ಅದನ್ನೇ ಅವಲಂಬಿಸಿವೆ. ಜೆ.ಪಿ. ನಗರ ಮತ್ತು ಸುತ್ತಲಿನ ಬಡಾವಣೆಗಳ ಮೋಟರ್‌ಸೈಕಲ್ ರೇಸ್ ಅಭಿಮಾನಿಗಳ ಅಭಿಪ್ರಾಯಗಳನ್ನು, ಅವುಗಳೊಳಗಿನ ಭಿನ್ನಮತವನ್ನೂ ಮುಚ್ಚಿಡದೆ, ತಮ್ಮ ಇಲಾಖೆಯ ಮುಂದಿಡುವುದು ಈ ಪತ್ರದ ಉದ್ದೇಶ.

ಬೆಂಗಳೂರಿನ ಮಟ್ಟಿಗೆ ಈ ಚರ್ಚೆಗೆ ಇತ್ತೀಚಿನ ಆಧಾರ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್. ಸೂಪರ್‌ಕ್ರಾಸ್ ಎಂದರೆ ಕ್ರೀಡಾಂಗಣದಲ್ಲೋ ಬಯಲಿನಲ್ಲೋ ಮಣ್ಣು ಸುರಿದು ದಿಬ್ಬ, ಜಿಗಿತ, ಕಡಿದಾದ ತಿರುವುಗಳನ್ನು ಕೃತಕವಾಗಿ ಕಟ್ಟಿ ಅದರ ಮೇಲೆ ನಡೆಸುವ ಮೋಟರ್‌ಸೈಕಲ್ ಓಟ. 2024ರ ಜನವರಿಯಲ್ಲಿ ಪುಣೆಯಲ್ಲಿ ಆರಂಭವಾದ ಈ ಲೀಗಿನ ಮೊದಲ ಆವೃತ್ತಿಯ ಅಂತಿಮ ಸುತ್ತು ಫೆಬ್ರವರಿ 25ರಂದು ಬೆಂಗಳೂರಿನ ಚಿಕ್ಕಜಾಲದ ಬಯಲಿನಲ್ಲಿ ನಡೆಯಿತು. ಬೆಂಗಳೂರಿನವರೇ ಆದ ಸಿ.ಎಸ್. ಸಂತೋಷ್ ಅವರ ಬಿಗ್‌ರಾಕ್ ಮೋಟರ್‌ಸ್ಪೋರ್ಟ್ಸ್ ತಂಡವೇ ಪ್ರಶಸ್ತಿ ಗೆದ್ದಿತು. ತವರು ನೆಲದಲ್ಲಿ ಸಿಕ್ಕ ಈ ಗೆಲುವು ಒಂದು ಪರಂಪರೆಗೆ ಬುನಾದಿಯಾಗಬಹುದಿತ್ತು. ಆದರೆ 2025ರ ಆವೃತ್ತಿ ಪುಣೆ, ಹೈದರಾಬಾದ್ ಮತ್ತು ಕೋಝಿಕ್ಕೋಡ್‌ಗಳಲ್ಲಿ ನಡೆಯಿತೇ ಹೊರತು ಬೆಂಗಳೂರಿಗೆ ಮರಳಲಿಲ್ಲ. ಬಯಲಿನ ಮೇಲೆ ತಾತ್ಕಾಲಿಕವಾಗಿ ಕಟ್ಟುವ ಟ್ರ್ಯಾಕಿನ ಸ್ವಭಾವವೇ ಹಾಗೆ: ಬಂದ ಪುಟ್ಟ ಹೋದ ಪುಟ್ಟ. ಸಂಘಟಕರಿಗೆ ಪ್ರತಿಸಲವೂ ಮಣ್ಣು, ಆಸನ, ಬೇಲಿ, ಪರವಾನಗಿ ಎಲ್ಲವೂ ಹೊಸ ಖರ್ಚು. ಖರ್ಚು ಎಲ್ಲಿ ಕಡಿಮೆಯೋ, ಮೈದಾನ ಎಲ್ಲಿ ಸಿದ್ಧವಿದೆಯೋ ಅಲ್ಲಿಗೆ ಹೋಗುವುದು ಅವರ ತಪ್ಪಲ್ಲ.

ಮೋಟರ್‌ಸೈಕಲ್ ರೇಸಿಗೆ ಲೀಗಿನ ವ್ಯವಸ್ಥೆ ಎಷ್ಟು ಚೆನ್ನಾಗಿ ಒಗ್ಗಬಲ್ಲದು, ಅದಕ್ಕೆ ಎಷ್ಟು ಕಡಿಮೆ ಜಾಗ ಸಾಕು ಎಂಬುದನ್ನು ತಿಳಿಯಲು ಸ್ಪೀಡ್‌ವೇ ಎಂಬ ಪ್ರಕಾರವನ್ನು ಗಮನಿಸಬೇಕು. 1920ರ ದಶಕದ ಆಸ್ಟ್ರೇಲಿಯಾದಲ್ಲಿ ರೂಪುಗೊಂಡು, 1928ರ ಫೆಬ್ರವರಿ 19ರಂದು ಲಂಡನ್ ಬಳಿಯ ಹೈ ಬೀಚ್‌ನಲ್ಲಿ ನಡೆದ ಕೂಟದ ಮೂಲಕ ಇಂಗ್ಲೆಂಡಿನಲ್ಲಿ ಜನಪ್ರಿಯವಾದ ಈ ಕ್ರೀಡೆಯ ಮೊದಲ ವಿಶ್ವ ಚಾಂಪಿಯನ್‌ಷಿಪ್ 1936ರಲ್ಲಿ ವೆಂಬ್ಲಿಯಲ್ಲಿ ನಡೆಯಿತು. 260ರಿಂದ 425 ಮೀಟರ್ ಸುತ್ತಳತೆಯ ಅಂಡಾಕಾರದ ಟ್ರ್ಯಾಕಿನಲ್ಲಿ ನಾಲ್ವರು ಸವಾರರು ಅಪ್ರದಕ್ಷಿಣವಾಗಿ ನಾಲ್ಕು ಸುತ್ತು ಹಾಕುತ್ತಾರೆ. ಸುಮಾರು ಒಂದು ನಿಮಿಷದಲ್ಲಿ ಮುಗಿಯುವ ಈ ಓಟಕ್ಕೆ ಹೀಟ್ ಎನ್ನುತ್ತಾರೆ. ಗಾಡಿಗೆ 500 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್, ಇಂಧನ ಮೆಥನಾಲ್, ಗೇರು ಒಂದೇ, ಬ್ರೇಕ್ ಇಲ್ಲವೇ ಇಲ್ಲ. ತಿರುವಿನಲ್ಲಿ ಸವಾರ ಹಿಂದಿನ ಚಕ್ರವನ್ನು ಬೇಕೆಂದೇ ಹೊರಕ್ಕೆ ಜಾರಿಸಿ, ಮುಂದಿನ ಚಕ್ರವನ್ನು ತಿರುವಿಗೆ ಎದುರಾಗಿ ಬಲಕ್ಕೆ ಹೊರಳಿಸಿ, ಉಕ್ಕಿನ ತಳ ತೊಡಿಸಿದ ಎಡ ಬೂಟನ್ನು ನೆಲಕ್ಕೆ ಉಜ್ಜುತ್ತಾ ಸಾಗುತ್ತಾನೆ. ಆ ಜಾರುವಿಕೆಯೇ ವೇಗವನ್ನು ತಗ್ಗಿಸುತ್ತದೆ, ಅದೇ ಗಾಡಿಯನ್ನು ತಿರುಗಿಸುತ್ತದೆ. ಸವಾರ ಬಿದ್ದರೆ ಅವನ ಮಣಿಕಟ್ಟಿಗೆ ಕಟ್ಟಿದ ದಾರ ಸೆಳೆದು ಎಂಜಿನ್ ತಾನಾಗಿ ನಿಂತುಹೋಗುತ್ತದೆ.

ಪಂದ್ಯದ ಲೆಕ್ಕವೂ ಸರಳ. ಪ್ರತಿ ಹೀಟಿನಲ್ಲಿ ಒಂದೊಂದು ತಂಡದಿಂದ ಇಬ್ಬರು. ಮೊದಲಿಗನಿಗೆ 3, ಎರಡನೆಯವನಿಗೆ 2, ಮೂರನೆಯವನಿಗೆ 1 ಅಂಕ, ಕೊನೆಯವನಿಗೆ ಸೊನ್ನೆ. ಬ್ರಿಟಿಷ್ ಲೀಗಿನ ರೂಢಿಯಂತೆ ಇಂಥ 15 ಹೀಟುಗಳು ಸೇರಿದರೆ ಒಂದು ಪಂದ್ಯ. ಒಂದು ಸಂಜೆಯೊಳಗೆ ಎಲ್ಲವೂ ಮುಗಿದು ಸಂಸಾರಸ್ಥರು ಮಕ್ಕಳೊಂದಿಗೆ ಮನೆ ಸೇರಬಹುದು. ಪ್ರೇಕ್ಷಕರು ಕೈಯಲ್ಲಿ ಪೆನ್ನು ಹಿಡಿದು, ಪಂದ್ಯದ ಪುಸ್ತಿಕೆಯಲ್ಲಿ ಮುದ್ರಿಸಿದ ಕೋಷ್ಟಕದಲ್ಲಿ ಪ್ರತಿ ಹೀಟಿನ ಅಂಕವನ್ನು ತಾವೇ ಬರೆದುಕೊಳ್ಳುವುದು ಅಲ್ಲಿನ ಹಳೆಯ ಪದ್ಧತಿ. ಆ ಪ್ರೇಕ್ಷಕ ಸದ್ದು ಕೇಳಲು ಬಂದ ದಾರಿಹೋಕನಲ್ಲ, ಲೆಕ್ಕ ಇಡಬಲ್ಲ ಮರ್ಮಜ್ಞ ಎಂಬುದನ್ನು ಈ ಪದ್ಧತಿ ತೋರಿಸುತ್ತದೆ.

ಲೆಕ್ಕ ಇಡುವ ಪ್ರೇಕ್ಷಕ ತಕರಾರನ್ನೂ ಎತ್ತುತ್ತಾನೆ. ಯಾವುದೋ ತಂಡದ ಸವಾರ ಗಾಯಗೊಂಡಾಗ ಬೇರೊಂದು ಕ್ಲಬ್ಬಿನ ಸವಾರನನ್ನು ಆ ಒಂದು ದಿನದ ಮಟ್ಟಿಗೆ ಎರವಲು ತರಲು ಬ್ರಿಟಿಷ್ ಲೀಗಿನ ನಿಯಮ ಅವಕಾಶ ಕೊಡುತ್ತದೆ. ಇಂಥ ‘ಅತಿಥಿ ಸವಾರ’ನ ಪದ್ಧತಿಯಿಂದ ತಂಡದ ಅಸ್ಮಿತೆಯೇ ಕರಗುತ್ತದೆ ಎಂಬುದು ಅಲ್ಲಿನ ಅಭಿಮಾನಿಗಳ ಬಹುಕಾಲದ ಅಸಮಾಧಾನ. ಒಬ್ಬನೇ ಸವಾರ ಪೋಲೆಂಡ್, ಸ್ವೀಡನ್, ಬ್ರಿಟನ್ ಎಂದು ಹಲವು ದೇಶಗಳ ಲೀಗುಗಳಲ್ಲಿ ಬೇರೆ ಬೇರೆ ಬಣ್ಣದ ಅಂಗಿ ತೊಡುವುದೂ ಅವರ ದೂರುಗಳಲ್ಲೊಂದು. ಸವಾರರ ಸರಾಸರಿ ಅಂಕಗಳನ್ನು ಕೂಡಿಸಿ, ತಂಡದ ಒಟ್ಟು ಮೊತ್ತ ಇಂತಿಷ್ಟನ್ನು ಮೀರಬಾರದೆಂದು ಮಿತಿ ಹಾಕುವ ನಿಯಮವಂತೂ ವಾದಕ್ಕೆ ಎರಡು ಬಾಯಿ ಕೊಟ್ಟಿದೆ: ಹಣವಂತ ಕ್ಲಬ್ಬು ಒಳ್ಳೆಯ ಸವಾರರನ್ನೆಲ್ಲ ಬಾಚಿಕೊಳ್ಳದಂತೆ ಅದು ತಡೆಯುತ್ತದೆ ಎಂದು ಕೆಲವರು, ಚೆನ್ನಾಗಿ ಬೆಳೆದ ತಂಡವನ್ನು ವರ್ಷದ ಕೊನೆಗೆ ಒಡೆಯುತ್ತದೆ ಎಂದು ಇನ್ನು ಕೆಲವರು. ಈ ಎಲ್ಲ ವಾದಗಳ ಬೇರು ಒಂದೇ, ತಂಡ ನಮ್ಮೂರಿನದಾಗಿ ಉಳಿಯಬೇಕು ಎಂಬ ಹಂಬಲ.

ಆ ಹಂಬಲಕ್ಕೆ ಮೈದಾನ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಪೋಲೆಂಡಿನಲ್ಲಿ ನೋಡಬಹುದು. ಸುಮಾರು 60 ಸಾವಿರ ಜನರಿರುವ ಲೆಶ್ನೊ ಎಂಬ ಪುಟ್ಟ ಪಟ್ಟಣದ ಉನಿಯಾ ಕ್ಲಬ್ಬು ಆ ದೇಶದ ಸ್ಪೀಡ್‌ವೇ ಲೀಗನ್ನು ಅತಿ ಹೆಚ್ಚು ಬಾರಿ ಗೆದ್ದಿದೆ. ಪ್ರತಿ ತಂಡದಲ್ಲೂ ಸ್ವದೇಶದ ಕಿರಿಯ ಸವಾರರಿಗೆ ಸ್ಥಾನ ಮೀಸಲಿಡಬೇಕೆಂಬ ಅಲ್ಲಿನ ನಿಯಮದಿಂದಾಗಿ ಊರ ಹುಡುಗರು ಊರ ಟ್ರ್ಯಾಕಿನಲ್ಲೇ ಪಳಗಿ ಮೇಲೆ ಬರುತ್ತಾರೆ. 2025ರ ಹೊತ್ತಿಗೆ ಆರು ಬಾರಿ ವಿಶ್ವ ಚಾಂಪಿಯನ್ ಆದ ಬಾರ್ತೋಷ್ ಜ್ಮಾರ್ಜ್‌ಲಿಕ್ ಆ ವ್ಯವಸ್ಥೆಯ ಫಲ. ಮೈದಾನ ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಕವೆಂಟ್ರಿ ನಿದರ್ಶನ: ಅಲ್ಲಿನ ಬ್ರ್ಯಾಂಡನ್ ಕ್ರೀಡಾಂಗಣ 2016ರ ಋತುವಿನ ನಂತರ ಮುಚ್ಚಿ, ಆ ಜಾಗದಲ್ಲಿ ಮನೆ ಕಟ್ಟುವ ಪ್ರಸ್ತಾಪ ಬಂದಾಗ ಅಭಿಮಾನಿಗಳು ವರ್ಷಗಟ್ಟಲೆ ಹೋರಾಡಬೇಕಾಯಿತು. ಬೆಂಗಳೂರಿನದೇ ಉದಾಹರಣೆ ಬೇಕಾದರೆ ಫುಟ್‌ಬಾಲಿನತ್ತ ನೋಡಬಹುದು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತಂಡದ ಬೆನ್ನಿಗೆ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗ ಬೆಳೆದು ನಿಂತದ್ದು, ಪ್ರತಿ ಪಂದ್ಯಕ್ಕೂ ಹೋಗಿ ನಿಲ್ಲಲು ಅದಕ್ಕೊಂದು ಗ್ಯಾಲರಿ ಇದ್ದುದರಿಂದ.

ಕರ್ನಾಟಕಕ್ಕೆ ಮೋಟರ್‌ಸೈಕಲ್ ರೇಸ್ ಪರಕೀಯವೆನ್ನಲು ಆಧಾರವಿಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಗಾಡಿಗಳನ್ನು ತಯಾರಿಸಿತು. ಅದೇ ಜಾವಾ ಹೆಸರಿನ, ಜೆಕ್ ನಾಡಿನ ದಿವಿಶೊವ್‌ನಲ್ಲಿ ತಯಾರಾದ ಸ್ಪೀಡ್‌ವೇ ಗಾಡಿಗಳು ದಶಕಗಳ ಕಾಲ ವಿಶ್ವದ ಟ್ರ್ಯಾಕುಗಳನ್ನು ಆಳಿದವು. ಇಂದಿಗೂ ಪ್ರತಿ ಜುಲೈ ತಿಂಗಳ ಎರಡನೆಯ ಭಾನುವಾರ ಮೈಸೂರಿನ ಆ ಹಳೆಯ ಗಾಡಿಗಳನ್ನು ಉಜ್ಜಿ ಹೊಳಪಿಸಿ ಹೊರತರುವವರು ಬೆಂಗಳೂರಿನಲ್ಲಿದ್ದಾರೆ. ಸವಾರರ ವಿಷಯಕ್ಕೆ ಬಂದರೆ ಸಂತೋಷ್ ಅವರು 2015ರಲ್ಲಿ ಡಾಕರ್ ರ‍್ಯಾಲಿಯನ್ನು, ಅಂದರೆ ಮರುಭೂಮಿ ಮತ್ತು ಬೆಟ್ಟಗಳ ನಡುವೆ ಎರಡು ವಾರ ನಡೆಯುವ ದೀರ್ಘ ಓಟವನ್ನು, ಪೂರ್ಣಗೊಳಿಸಿದ ಮೊದಲ ಭಾರತೀಯರಾದರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದು ಮೋಟರ್‌ಸ್ಪೋರ್ಟ್‌ನಲ್ಲಿ ವಿಶ್ವ ಪ್ರಶಸ್ತಿ ಪಡೆದ ಮೊದಲ ಭಾರತೀಯರೆನಿಸಿದರು. ಟಿವಿಎಸ್ ಕಂಪನಿಯ ರೇಸಿಂಗ್ ವಿಭಾಗದ ನೆಲೆಯಾದ ಹೊಸೂರು, ಕನ್ನಡ ಮಾತು ಇಂದಿಗೂ ಕೇಳಿಬರುವ ಗಡಿಯ ಪಟ್ಟಣ, ಇಲ್ಲಿಂದ ಕೂಗಳತೆಯಲ್ಲಿದೆ. ಸವಾರರಿಗೂ ಗಾಡಿಗೂ ಮೆಕ್ಯಾನಿಕ್‌ಗಳಿಗೂ ಬರವಿಲ್ಲದ ಈ ಸೀಮೆಯವರು ಡಾಂಬರು ಟ್ರ್ಯಾಕಿನ ರಾಷ್ಟ್ರೀಯ ಸುತ್ತುಗಳನ್ನು ನೋಡಲು ಚೆನ್ನೈ ಬಳಿಯ ಇರುಂಗಾಟುಕೋಟೈಗೋ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೋ ಹೋಗಬೇಕಾಗಿದೆ.

ಅಭಿಮಾನಿಗಳೆಲ್ಲ ಒಂದೇ ದನಿಯಲ್ಲಿ ಮಾತಾಡುತ್ತಾರೆಂದು ಹೇಳಿದರೆ ಸುಳ್ಳಾಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ನಡೆದ ಮೋಟೋಜಿಪಿಯನ್ನು ಕಂಡವರು ಅಂಥ ಡಾಂಬರು ಸರ್ಕ್ಯೂಟೇ ಕರ್ನಾಟಕಕ್ಕೂ ಬೇಕೆನ್ನುತ್ತಾರೆ. ಐದು ಕಿಲೋಮೀಟರಿನ ಆಸುಪಾಸಿನ ಅಂಥ ಟ್ರ್ಯಾಕು ಬೇಡುವ ಭೂಮಿ ಮತ್ತು ಬಂಡವಾಳವನ್ನು ನೋಡಿದರೆ ಮಣ್ಣಿನ ಟ್ರ್ಯಾಕಿನ ಪರ ವಾದವೇ ತೂಕದ್ದು. ಲೀಗಿನಲ್ಲಿ ವಿದೇಶಿ ಸವಾರರಿಗೇ ಮಿಂಚಿನ ಪಾಲು ಸಲ್ಲುತ್ತದೆ ಎಂಬ ದೂರು ಒಂದು ಕಡೆ. ಅವರಿಲ್ಲದಿದ್ದರೆ ನಮ್ಮ ಹುಡುಗರು ಕಲಿಯುವುದು ಯಾರಿಂದ ಎಂಬ ಪ್ರಶ್ನೆ ಇನ್ನೊಂದು ಕಡೆ. ಸೂಪರ್‌ಕ್ರಾಸ್ ಲೀಗಿನಲ್ಲಿ 450 ಮತ್ತು 250 ಸಿಸಿಯ ಅಂತಾರಾಷ್ಟ್ರೀಯ ವಿಭಾಗಗಳ ಜೊತೆಗೆ ಭಾರತ ಹಾಗೂ ಏಷ್ಯಾದ ಸವಾರರಿಗೆ ಪ್ರತ್ಯೇಕ ವಿಭಾಗ, 85 ಸಿಸಿಯ ಕಿರಿಯರ ವಿಭಾಗ ಇದ್ದುದು ಈ ಎರಡೂ ಮಾತಿಗೆ ಅರ್ಧ ಉತ್ತರ. ಉಳಿದರ್ಧ, ಆ ಕಿರಿಯರು ವರ್ಷವಿಡೀ ಅಭ್ಯಾಸ ಮಾಡುವ ಜಾಗ.

ಆ ಜಾಗ ಇಲ್ಲದಿರುವುದರ ಬೆಲೆಯನ್ನು ರಸ್ತೆಗಳು ತೆರುತ್ತಿವೆ. ಬನ್ನೇರುಘಟ್ಟ ರಸ್ತೆ, ಕನಕಪುರ ರಸ್ತೆಗಳ ಇಕ್ಕೆಲದ ನಿವಾಸಿಗಳಿಗೆ ತಡರಾತ್ರಿಯ ವ್ಹೀಲಿ ಸದ್ದು ಹೊಸತಲ್ಲ; ಅಪಘಾತಗಳು ಹೆಚ್ಚಿದ ಕಾರಣ ನೈಸ್ ರಸ್ತೆಯಲ್ಲಿ 2022ರ ಜನವರಿಯಿಂದ ರಾತ್ರಿ 10ರಿಂದ ಬೆಳಗಿನ 5ರವರೆಗೆ ದ್ವಿಚಕ್ರ ವಾಹನಗಳನ್ನೇ ನಿಷೇಧಿಸಬೇಕಾಯಿತು. ಸಾರ್ವಜನಿಕ ಸ್ಥಳದಲ್ಲಿ ರೇಸ್ ನಡೆಸಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಬಾರಿಗೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ರಸ್ತೆಯ ಪುಂಡಾಟಕ್ಕೆ ಈ ಶಿಕ್ಷೆ ತಕ್ಕದ್ದೇ. ಅಭಿಮಾನಿಗಳಾರೂ ಅದನ್ನು ಸಮರ್ಥಿಸುವುದಿಲ್ಲ. ಆದರೆ ಅದೇ ಸೆಕ್ಷನ್ ಶಿಕ್ಷೆ ವಿಧಿಸುವುದು ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ನಡೆಯುವ ಓಟಕ್ಕೆ. ಕಾನೂನು ರೇಸನ್ನು ಕಂಡು ಹೆದರಿಲ್ಲ, ಅದರ ಹೊಣೆಯನ್ನು ಸರ್ಕಾರದ ಮೇಲಿಟ್ಟಿದೆ. ಬೇಲಿ, ಆಂಬುಲೆನ್ಸ್, ವೈದ್ಯರು, ಪರಿಶೀಲಿಸಿದ ಹೆಲ್ಮೆಟ್ ಇರುವ ಟ್ರ್ಯಾಕು ಎಲ್ಲ ಪುಂಡರನ್ನೂ ರಸ್ತೆಯಿಂದ ಸೆಳೆಯುತ್ತದೆಂದು ಭರವಸೆ ಕೊಡಲಾಗದು; ಆದರೂ ಕ್ರೀಡೆಯನ್ನೇ ಬಯಸುವ ಹುಡುಗನಿಗೆ ಇಂದು ತೋರಿಸಲು ಇನ್ನೊಂದು ದಾರಿಯಿಲ್ಲ.

ಇದನ್ನೆಲ್ಲ ಗಮನದಲ್ಲಿಟ್ಟು ಅಭಿಮಾನಿಗಳು ಮಾಡುವ ಕೋರಿಕೆಗಳು ನಾಲ್ಕು.

ಮೊದಲನೆಯದಾಗಿ, ಸ್ಪೀಡ್‌ವೇ ಮಾದರಿಯ ಸುಮಾರು 300 ಮೀಟರಿನ ಅಂಡಾಕಾರದ ಟ್ರ್ಯಾಕು, ಅದರ ಪಕ್ಕದಲ್ಲಿ ಸೂಪರ್‌ಕ್ರಾಸಿಗೆ ಬೇಕಾದಷ್ಟು ಬಯಲು ಇರುವ ಒಂದು ಕಾಯಂ ಮೈದಾನವನ್ನು ನಗರದ ದಕ್ಷಿಣದಂಚಿನಲ್ಲಿ ಗುರುತಿಸಬೇಕು. ಜೆ.ಪಿ. ನಗರದೊಳಗೆ ಅದು ಬೇಡ. ಸಾರಕ್ಕಿ ಮತ್ತು ಪುಟ್ಟೇನಹಳ್ಳಿ ಕೆರೆಗಳ ನಡುವಿನ ಈ ವಸತಿ ಪ್ರದೇಶ ಎಂಜಿನ್ ಸದ್ದನ್ನು ತಾಳಲಾರದು, ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55 ಡೆಸಿಬೆಲ್ ಎಂದು ಮಿತಿ ಹಾಕಿರುವ ಶಬ್ದ ಮಾಲಿನ್ಯ ನಿಯಮವೂ ಅದಕ್ಕೆ ಒಪ್ಪದು. ಹಸಿರು ಮಾರ್ಗದ ಮೆಟ್ರೋ ರೇಷ್ಮೆ ಸಂಸ್ಥೆಯವರೆಗೂ, 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗ ಬೊಮ್ಮಸಂದ್ರದವರೆಗೂ ಹೋಗುತ್ತವೆ. ಈ ಎರಡರಲ್ಲೊಂದು ತುದಿಯ ಆಚೆ, ಜನವಸತಿಯಿಂದ ದೂರದಲ್ಲಿ ಜಾಗ ಸಿಕ್ಕರೆ ಪ್ರೇಕ್ಷಕರು ಚಿಕ್ಕಜಾಲಕ್ಕೆ ಹೋದಂತೆ ಇಡೀ ನಗರವನ್ನು ದಾಟಬೇಕಾಗಿಲ್ಲ.

ಎರಡನೆಯದಾಗಿ, ಆ ಮೈದಾನವನ್ನು ಯಾವುದೇ ಲೀಗಿಗೆ ಕೊಡುವಾಗ ಬೆಂಗಳೂರಿನ ಹೆಸರು ಹೊತ್ತ ಒಂದು ತಂಡ, ಅದರಲ್ಲಿ ರಾಜ್ಯದ ಇಬ್ಬರು ಕಿರಿಯ ಸವಾರರು, ಹಾಗೂ ಕನಿಷ್ಠ ಮೂರು ವರ್ಷ ಇಲ್ಲೇ ಸುತ್ತು ನಡೆಸುವ ಒಪ್ಪಂದ, ಇವು ಷರತ್ತುಗಳಾಗಬೇಕು. ಮೂರನೆಯದಾಗಿ, ರೇಸ್ ಇಲ್ಲದ ದಿನಗಳಲ್ಲಿ ಭಾರತೀಯ ಮೋಟರ್‌ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ ಮಾನ್ಯತೆ ಪಡೆದ ತರಬೇತುದಾರರ ಕೈಕೆಳಗೆ ಸಾಮಾನ್ಯರಿಗೂ ಕೈಗೆಟಕುವ ಶುಲ್ಕದಲ್ಲಿ ಅಭ್ಯಾಸಕ್ಕೆ ಅವಕಾಶವಿರಬೇಕು. ಇಲ್ಲವಾದರೆ ಗಾಡಿ, ಸೂಟು, ಬೂಟಿಗೆ ಲಕ್ಷಗಳನ್ನು ಸುರಿಯಬಲ್ಲವರ ಮಕ್ಕಳಿಗಷ್ಟೇ ಇದು ಮೀಸಲಾಗುತ್ತದೆ. ನಾಲ್ಕನೆಯದಾಗಿ, 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜೀವಗಳನ್ನು ಬಲಿಪಡೆದ ಕಾಲ್ತುಳಿತ ಮರುಕಳಿಸದಂತೆ, ಪ್ರವೇಶದ್ವಾರ, ಟಿಕೆಟ್ ಸಂಖ್ಯೆ ಮತ್ತು ನಿರ್ಗಮನದ ಯೋಜನೆಗೆ ಪೊಲೀಸ್ ಒಪ್ಪಿಗೆ ಸಿಕ್ಕ ಮೇಲಷ್ಟೇ ಪ್ರತಿ ಪಂದ್ಯ ನಡೆಯಬೇಕು.

ಈ ಕೋರಿಕೆಗಳಿಗೆ ದೊಡ್ಡ ಅನುದಾನ ಬೇಕಿಲ್ಲ. ಕಂದಾಯ, ಪೊಲೀಸ್ ಮತ್ತು ಕ್ರೀಡಾ ಇಲಾಖೆಗಳು ಒಂದು ಮೇಜಿನ ಸುತ್ತ ಕೂರುವುದು ಬೇಕು, ಆ ಸಭೆ ಕರೆಯುವ ಅಧಿಕಾರ ತಮಗಿದೆ. ಜಾಗ ಕೊಡಲು ಸಾಧ್ಯವಿಲ್ಲವೆಂದು ಸರ್ಕಾರ ತೀರ್ಮಾನಿಸಿದರೂ ಅದನ್ನು ಕಾರಣಸಹಿತ ಲಿಖಿತವಾಗಿ ತಿಳಿಸಿದರೆ, ಖಾಸಗಿ ಭೂಮಿಯತ್ತ ನೋಡುವ ದಾರಿಯಾದರೂ ಕ್ಲಬ್ಬುಗಳಿಗೆ ತೆರೆಯುತ್ತದೆ. ಸೂಪರ್‌ಕ್ರಾಸ್ ಲೀಗಿನ ಮುಂದಿನ ಆವೃತ್ತಿಯ ಊರುಗಳ ಪಟ್ಟಿ ಪ್ರಕಟವಾಗುವ ಮುನ್ನವೇ ಆ ಉತ್ತರ ಹೊರಬೀಳಲಿ ಎಂಬುದು ಅಭಿಮಾನಿಗಳ ಒತ್ತಾಯ.

ಗೌರವಪೂರ್ವಕವಾಗಿ,
ಜೆ.ಪಿ. ನಗರದ ಮೋಟರ್‌ಸೈಕಲ್ ರೇಸ್ ಅಭಿಮಾನಿಗಳ ಪರವಾಗಿ