ಹತ್ತು ಕ್ವಿಂಟಲ್ ಮೆಕ್ಕೆಜೋಳ ಮತ್ತು ಒಂದು ಜೊತೆ ಇಯರ್‌ಫೋನ್

ಭರಮಸಾಗರದ ರೈತರೊಬ್ಬರು ಈಚೆಗೆ ಒಂದು ಪಂಚಾಯ್ತಿ ತಂದರು. ಮಗ ಎರಡನೇ ಪಿಯುಸಿ ಓದುತ್ತಿದ್ದಾನೆ. ಅವನಿಗೆ ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಒಂದು ಜೊತೆ ಇಯರ್‌ಫೋನ್ ಬೇಕಂತೆ. ಬೆಲೆ 24,000 ರೂಪಾಯಿ!

‘ಹತ್ತು ಕ್ವಿಂಟಲ್ ಮೆಕ್ಕೆಜೋಳನ ಕಿವಿಗೆ ಇಟ್ಕೋತೀನಿ ಅಂತಾನಲ್ಲ ಸಾರ್! ಆರುನೂರು ರೂಪಾಯಿದು ಐತಲ್ಲ, ಅದ್ರಲ್ಲಿ ಕೇಳ್ಸಲ್ವಾ?’

‘ಕೇಳ್ಸೋದು ಬೇರೆ, ಅದು ಕೇಳ್ಸೋ ರೀತಿ ಬೇರೆ, ಅಪ್ಪಾಜಿ’ ಎಂದ ಮಗ.

ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗನ ಸೋದರಮಾವ ಹಬ್ಬಕ್ಕೆಂದು ಊರಿಗೆ ಬಂದಿದ್ದರು. ಅವರ ಬಳಿ ಅಂಥದೇ ಒಂದು ದುಬಾರಿ ಇಯರ್‌ಫೋನ್ ಇತ್ತು. ವಾದ ಯಾಕೆ, ಪರೀಕ್ಷೆಯೇ ಆಗಲಿ ಎಂದು ಎಲ್ಲರೂ ಅವರ ಮನೆಯ ಜಗಲಿ ಮೇಲೆ ಕೂತೆವು.

ಹಾಡನ್ನು ಅಪ್ಪನೇ ಆರಿಸಿದರು. 1972ರ ‘ನಾಗರಹಾವು’ ಚಿತ್ರದ್ದು. ನಮ್ಮ ದುರ್ಗದ ಕೋಟೆಯಲ್ಲೇ ಚಿತ್ರೀಕರಣವಾದ ಸಿನಿಮಾ, ಹಾಡೆಲ್ಲ ಅವರಿಗೆ ಬಾಯಿಪಾಠ. ಮೊದಲು ಆರುನೂರರದನ್ನು ಹಾಕಿಕೊಂಡು ‘ಚೆನ್ನಾಗೈತೆ’ ಎಂದರು. ಆಮೇಲೆ ದುಬಾರಿಯದು. ಅರೆ ನಿಮಿಷಕ್ಕೇ ಕಿತ್ತು ಕೈಗಿಟ್ಟರು. ‘ಇದೇನ್ ಸಾರ್, ತಗಡಿನ ಡಬ್ಬದೊಳಗೆ ಕೂತು ಹಾಡ್ದಂಗೈತೆ!’ ಹುಡುಗನ ಮುಖ ಬಾಡಿತು.

ತಪ್ಪು ಯಂತ್ರದ್ದಲ್ಲ, ಅದರ ತುದಿಗೆ ಹಾಕುವ ರಬ್ಬರ್ ಟೋಪಿಯದು. ಅಪ್ಪನ ಕಿವಿಗೆ ಅದು ಸಣ್ಣದಾಗಿತ್ತು. ಡಬ್ಬಿಯಲ್ಲಿದ್ದ ದೊಡ್ಡ ಟೋಪಿ ಬದಲಾಯಿಸಿ ಮತ್ತೆ ಹಾಕಿದೆವು. ಈ ಸಲ ಹಾಡು ಮುಗಿಯುವವರೆಗೂ ಅವರು ಮಾತಾಡಲಿಲ್ಲ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: ‘ಈ ಹಾಡಿನ ಹಿಂದೆ ಇಷ್ಟೊಂದು ವಾದ್ಯ ಇದ್ವಾ ಸಾರ್?’

ಟೋಪಿಯ ಗುಟ್ಟು

ವಿದ್ಯಾರ್ಥಿ ಮಿತ್ರರೇ, ಒಂದು ರಬ್ಬರ್ ಟೋಪಿ ಹಾಡಿನ ಸ್ವಭಾವವನ್ನೇ ಬದಲಿಸಿದ್ದು ಹೇಗೆ? ನಮ್ಮ ಕಿವಿ 20ರಿಂದ 20,000 ಹರ್ಟ್ಸ್‌ವರೆಗಿನ ಕಂಪನಗಳನ್ನು ಗ್ರಹಿಸಬಲ್ಲದು. ಡೊಳ್ಳಿನ ಗುಡುಗು ಕೆಳತುದಿಯ ಕಡೆಗಿದೆ. ತಾಳದ ಕಿಣಿಕಿಣಿ, ‘ಸ’ಕಾರ ‘ಷ’ಕಾರಗಳ ಸಿಳ್ಳು ಸಾವಿರಾರು ಹರ್ಟ್ಸ್‌ನಲ್ಲಿವೆ. ಇಯರ್‌ಫೋನಿನ ಪುಟ್ಟ ಪೊರೆ ಡೊಳ್ಳಿನ ಸದ್ದನ್ನು ಕೇಳಿಸಬೇಕಾದರೆ ಕಿವಿನಾಳದಲ್ಲಿ ಸಿಕ್ಕಿಬಿದ್ದ ಗಾಳಿಯನ್ನು ಒತ್ತಿ ಸಡಿಲಿಸಬೇಕು. ಬಿರುಕು ಬಿಟ್ಟ ತಿದಿಯಲ್ಲಿ ಗಾಳಿ ನಿಲ್ಲದ ಹಾಗೆ, ಟೋಪಿ ಸಡಿಲವಾದರೆ ಒತ್ತಡ ಸೋರಿಹೋಗುತ್ತದೆ. ಮಂದ್ರವೆಲ್ಲ ಮಾಯವಾಗಿ ತಗಡಿನ ದನಿ ಮಾತ್ರ ಉಳಿಯುತ್ತದೆ.

ಇನ್ನೊಂದು ಲೆಕ್ಕ ನೀವೇ ಮಾಡಬಹುದು. ಕಿವಿನಾಳ ಸುಮಾರು 2.5 ಸೆಂ.ಮೀ. ಉದ್ದದ, ಒಂದು ತುದಿ ಮುಚ್ಚಿದ ಕೊಳವೆ. ಅಂಥ ಕೊಳವೆಯ ಅನುರಣನದ ಸೂತ್ರ ಭೌತಶಾಸ್ತ್ರದ ಪಠ್ಯದಲ್ಲಿದೆ: ಶಬ್ದದ ವೇಗವನ್ನು ಉದ್ದದ ನಾಲ್ಕರಷ್ಟರಿಂದ ಭಾಗಿಸಿ. 343 ಭಾಗಿಸು 0.1, ಅಂದರೆ 3,430 ಹರ್ಟ್ಸ್. ಕಿವಿ ನೆಟ್ಟಗಿನ ಕೊಳವೆಯಲ್ಲವಾದ್ದರಿಂದ ವಾಸ್ತವದಲ್ಲಿ ಇದು 3,000ದ ಆಸುಪಾಸು ಇರುತ್ತದೆ. ಆ ಭಾಗದ ಸ್ವರಗಳನ್ನು ನಮ್ಮ ಕಿವಿ ತಾನೇ ಎತ್ತಿ ಕೇಳಿಸುತ್ತದೆ. ಇಯರ್‌ಫೋನ್ ಸಿಕ್ಕಿಸಿದಾಗ ನಾಳದ ಬಾಯಿ ಮುಚ್ಚಿ ಈ ಸಹಜ ಏರಿಕೆ ಕೆಡುತ್ತದೆ. ತಯಾರಕರು ಅದನ್ನು ಲೆಕ್ಕ ಹಾಕಿ ಮರಳಿ ತುಂಬಬೇಕು. ಎಷ್ಟು ತುಂಬುತ್ತಾರೆ, ಮಂದ್ರವನ್ನು ಎಷ್ಟು ಎತ್ತುತ್ತಾರೆ, ತಾರವನ್ನು ಎಲ್ಲಿ ತಗ್ಗಿಸುತ್ತಾರೆ ಎಂಬುದೇ ಒಂದೊಂದು ಇಯರ್‌ಫೋನಿಗೆ ಒಂದೊಂದು ದನಿಗುಣ ಕೊಡುತ್ತದೆ. ತಂಬೂರಿ ಶ್ರುತಿ ಮಾಡಿದಂತೆ ಇದೂ ಶ್ರುತಿ ಮಾಡುವ ಕೆಲಸವೇ.

ಮೂರು ಸ್ವಭಾವಗಳು

ಈ ಶ್ರುತಿ ಎಷ್ಟು ಬಗೆಯಾಗಿರುತ್ತದೆ ಎಂಬುದಕ್ಕೆ ಹೆಸರಾಂತ ಮೂರು ಉದಾಹರಣೆ ನೋಡಿ. ಅಮೆರಿಕದ ಮೀಡ್ ಕಿಲಿಯನ್ ಎಂಬ ಶ್ರವಣ ತಜ್ಞ 1983ರಲ್ಲಿ ಎಟಿಮೋಟಿಕ್ ರಿಸರ್ಚ್ ಸಂಸ್ಥೆ ಆರಂಭಿಸಿದರು. ಅವರ ಇಆರ್-4 ಇಯರ್‌ಫೋನ್ 1991ರಲ್ಲಿ ಬಂತು. ಒಳಗಿದ್ದುದು ಕಿವಿ ಮಂದವಾದವರು ಬಳಸುವ ಶ್ರವಣ ಸಾಧನದಲ್ಲಿರುವಂಥ ಬ್ಯಾಲೆನ್ಸ್‌ಡ್ ಆರ್ಮೇಚರ್ ಎಂಬ ಪುಟಾಣಿ ಯಂತ್ರ. ಇದರದು ಶುಭ್ರವಾದ, ಬಣ್ಣ ಹಚ್ಚದ ದನಿ. ಗಾಯಕನ ಒಂದೊಂದು ಅಕ್ಷರ ಸ್ಪಷ್ಟ, ಆದರೆ ಮಂದ್ರ ಮಿತ.

ಸೆನ್‌ಹೈಸರ್ ಕಂಪನಿಯ ಐಇ 800 ಬಂದದ್ದು 2012ರಲ್ಲಿ. ಇದರಲ್ಲಿರುವುದು 7 ಮಿ.ಮೀ. ಅಗಲದ ಒಂದೇ ಒಂದು ಪೊರೆ; ದೊಡ್ಡ ಸ್ಪೀಕರಿನಲ್ಲಿರುವಂತೆಯೇ ತಂತಿಸುರುಳಿ, ಕಾಂತ. ಮಂದ್ರವೂ ತಾರವೂ ಎದ್ದು ಕೇಳುವ ಸ್ವಭಾವ. ಶೂರ್ ಕಂಪನಿಯ ಎಸ್‌ಇ 846 (2013) ನಾಲ್ಕು ಆರ್ಮೇಚರುಗಳದು. ತುಂಬು ಮಂದ್ರ, ಮೆತ್ತನೆಯ ಮೇಲುಸ್ವರ. ಆಗ ಇದರ ಜೊತೆಗೆ ಮೂರು ಬಗೆಯ ಪುಟ್ಟ ಮೂತಿಗಳು ಬರುತ್ತಿದ್ದವು. ಮೂತಿ ಬದಲಿಸಿದರೆ ಅದೇ ಯಂತ್ರದ ದನಿಯ ಹೊಳಪು ಹೆಚ್ಚು ಕಡಿಮೆಯಾಗುತ್ತದೆ!

ಇವುಗಳಲ್ಲಿ ಯಾವುದು ಮೇಲು? ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನ ಕೇಳುವವನಿಗೆ ಒಂದು, ಡೊಳ್ಳು ತಮಟೆಗೆ ತಲೆದೂಗುವವನಿಗೆ ಮತ್ತೊಂದು ಹಿಡಿಸೀತು. ಆದರೆ ಬೆಲೆ ಏರಿದಷ್ಟೂ ಶ್ರುತಿ ಸರಿಯಾಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕ 283 ಹೆಡ್‌ಫೋನ್‌ಗಳ ಅಳತೆಗಳನ್ನು ಹೋಲಿಸಿ 2017ರಲ್ಲಿ ಪ್ರಕಟಿಸಿದ ಪ್ರಬಂಧದ ಸಾರ ಇಷ್ಟೆ: ಯಾವ ಸ್ವರ ಎಷ್ಟು ಜೋರು ಎಂಬ ಸಮತೋಲಕ್ಕೂ ಅಂಗಡಿಯ ಬೆಲೆಗೂ ಸಂಬಂಧವಿಲ್ಲ. ಇವುಗಳಲ್ಲಿ ಕಿವಿಯೊಳಗೆ ಇಡುವಂಥವೂ ಇದ್ದವು. ಹೆಚ್ಚಿನ ಹಣಕ್ಕೆ ಗಟ್ಟಿಮುಟ್ಟಾದ ಕಟ್ಟಡ, ಬದಲಿಸಬಹುದಾದ ವೈರು, ಅಂದ ಚೆಂದ ಸಿಗಬಹುದು. ಒಳ್ಳೆಯ ದನಿಯೂ ಸಿಗಬಹುದು. ಸಿಕ್ಕೇ ಸಿಗುತ್ತದೆಂಬ ಖಾತ್ರಿಯಿಲ್ಲ.

ಹೆದ್ದಾರಿಯ ಪಕ್ಕದ ಕಿವಿ

ಪಂಚಾಯ್ತಿ ಇಲ್ಲಿಗೇ ಮುಗಿಯಬೇಕಿತ್ತು. ಹುಡುಗ ದಿನಾ ಎಲ್ಲಿ ಹಾಡು ಕೇಳುತ್ತಾನೆಂದು ಸುಮ್ಮನೆ ವಿಚಾರಿಸಿದೆ. ‘ಬಸ್ಸಲ್ಲಿ ಸಾರ್. ಫುಲ್ ವಾಲ್ಯೂಮ್ ಇಟ್ರೂ ಡ್ರಮ್ ಕೇಳಲ್ಲ’ ಎಂದ. ಆಮೇಲೆ ದನಿ ತಗ್ಗಿಸಿ, ‘ರಾತ್ರಿ ಮಲಗಿದಾಗ ಕಿವೀಲಿ ಗುಂಯ್ ಅನ್ನುತ್ತೆ’ ಎಂದ. ಅಪ್ಪನಿಗೆ ಈ ವಿಷಯವೇ ಗೊತ್ತಿರಲಿಲ್ಲ.

ಲೆಕ್ಕ ಸ್ಪಷ್ಟವಾಗಿತ್ತು. ಭರಮಸಾಗರ ಇರುವುದು ಲಾರಿಗಳು ಹಗಲೂ ರಾತ್ರಿ ಓಡುವ ಹೆದ್ದಾರಿ ಮೇಲೆ. ಹಳೆಯ ನಾಲ್ಕು, ಈಗಿನ 48. ಅವನ ಆರುನೂರರ ಇಯರ್‌ಫೋನಿನ ಟೋಪಿಯೂ ಸಡಿಲ. ಮಂದ್ರ ಸೋರುತ್ತಿತ್ತು, ಬಸ್ಸಿನ ಗದ್ದಲ ಒಳಗೆ ನುಗ್ಗುತ್ತಿತ್ತು. ಎರಡನ್ನೂ ಮೀರಲು ಅವನು ವಾಲ್ಯೂಮ್ ಏರಿಸುತ್ತಿದ್ದ. ಅವನಿಗೆ ಬೇಕಾಗಿದ್ದುದು 24,000ದ ಯಂತ್ರವಲ್ಲ, ಕಿವಿಗೆ ಸರಿಯಾಗಿ ಕೂರುವ ಟೋಪಿ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಮೂರು ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕಿಳಿಯುತ್ತದೆ. 90ಕ್ಕೆ ಬಂದಾಗ ಉಳಿಯುವುದು ವಾರಕ್ಕೆ ನಾಲ್ಕೇ ಗಂಟೆ. ಮಕ್ಕಳಿಗೆ ಮಿತಿ 75 ಡೆಸಿಬೆಲ್. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಕಿವಿಯೊಂದಕ್ಕೆ ಸುಮಾರು ಹದಿನೈದು ಸಾವಿರ. ಸತ್ತರೆ ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಕಿವಿಯ ಗುಂಯ್‌ಗಾಟ ಅವುಗಳ ದೂರು ಇದ್ದೀತು. ಕಿವಿ ಮೂಗು ಗಂಟಲು ವೈದ್ಯರಿಗೆ ತೋರಿಸಲು ಹೇಳಿದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಶ್ರವಣ ಪರೀಕ್ಷೆಗೆ ನಮ್ಮ ರಾಜ್ಯದವರು ದೂರ ಹುಡುಕಬೇಕಿಲ್ಲ.

ಆರಿಸುವ ಮುನ್ನ

ಸಂತೆಯಲ್ಲಿ ಗಡಿಗೆ ಕೊಳ್ಳುವ ತಾಯಂದಿರು ಬಣ್ಣ ನೋಡಿ ಮರುಳಾಗುವುದಿಲ್ಲ, ಬೆರಳಿನಿಂದ ತಟ್ಟಿ ದನಿ ಕೇಳುತ್ತಾರೆ. ನೀವೂ ಹಾಗೇ ಮಾಡಿ. ಚೆನ್ನಾಗಿ ಗೊತ್ತಿರುವ ಒಂದೇ ಹಾಡನ್ನು ಎರಡರಲ್ಲೂ ಕೇಳಿ. ಸದ್ದಿನ ಮಟ್ಟ ಸಮನಾಗಿರಲಿ. ತುಸು ಜೋರಾಗಿರುವುದೇ ಚೆಂದವೆಂದು ಕಿವಿ ಮೋಸಹೋಗುತ್ತದೆ. ಬೆಲೆ ಗೊತ್ತಾಗದಂತೆ ಕಣ್ಣು ಮುಚ್ಚಿ, ಗೆಳೆಯ ಬದಲಿಸಲಿ. ಟೋಪಿಯ ಎಲ್ಲ ಅಳತೆಗಳನ್ನೂ ಹಾಕಿ ನೋಡಿ. ಎಡಕ್ಕೊಂದು ಬಲಕ್ಕೊಂದು ಅಳತೆ ಬೇಕಾದರೂ ಬೇಕಾದೀತು. ಬಿಗಿಯಾದ ಟೋಪಿ ಹೊರಗಿನ ಸದ್ದನ್ನು ತಡೆಯುವುದರಿಂದ ರಸ್ತೆ ದಾಟುವಾಗ, ಸೈಕಲ್ ಮೇಲಿರುವಾಗ ಮಾತ್ರ ಖಂಡಿತ ಬೇಡ. ಪೋಷಕರು ಮಕ್ಕಳ ಮೊಬೈಲಿನಲ್ಲಿ ವಾಲ್ಯೂಮಿಗೆ ಮಿತಿ ಹಾಕುವ ಸೌಲಭ್ಯವಿದೆಯೇ ಎಂದು ಹುಡುಕಿ ನೋಡಲಿ.

ವಾರದ ನಂತರ ಅಪ್ಪ ಸಿಕ್ಕಿದ್ದರು. ಹೊಸ ಟೋಪಿ ತಂದಾಗಿತ್ತು, ಡಾಕ್ಟರ ಬಳಿಗೂ ಹೋಗಿ ಬಂದಾಗಿತ್ತು. ‘ಈಗ ಅರ್ಧ ವಾಲ್ಯೂಮಿಗೇ ಸಾಕು ಅಂತಾನೆ ಸಾರ್’ ಎಂದರು. ಸ್ವಲ್ಪ ತಡೆದು ನಕ್ಕರು. ‘ಅವ್ನು ಕಾಲೇಜಿಗೆ ಹೋಗೋಕೆ ಮುಂಚೆ ಒಂದ್ ಹಾಡು ನಾನೂ ಕೇಳ್ತೀನಿ.’