ಸ್ಟೀರಿಂಗು ಸಡಿಲವಾದಾಗ

ಕೊಚ್ಚಿಯಿಂದ ಸಹೋದರಿಯೊಬ್ಬರು ಈ ಅಂಕಣಕ್ಕೆ ಕಾಗದ ಬರೆದಿದ್ದಾರೆ. ಅವರ ಮಾವನವರ ಕಾಲದ ಮಹೀಂದ್ರ ಜೀಪು ಇನ್ನೂ ಮನೆಯಲ್ಲಿದೆ. ಓಡಿರುವುದು ಮೂರು ಲಕ್ಷ ಕಿಲೋಮೀಟರಿಗೆ ಕಡಮೆಯಿಲ್ಲ. ಈಚೆಗೆ ಅದರ ಸ್ಟೀರಿಂಗು ಸಡಿಲವಾಗಿದೆ. ನೆಟ್ಟಗಿನ ಹೆದ್ದಾರಿಯಲ್ಲಿಯೂ ಯಜಮಾನರು ಅದನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸುತ್ತಲೇ ಇರಬೇಕಂತೆ. ರಜೆಗೆ ಮಕ್ಕಳನ್ನು ಕೂರಿಸಿಕೊಂಡು ಕುಂಬಳೆಯ ತವರಿಗೆ ಹೋಗಬೇಕು. ದಾರಿ ಸುಮಾರು 400 ಕಿಲೋಮೀಟರು. ವರ್ಕ್‌ಷಾಪಿನ ಆಶಾನ್ ಸ್ಟೀರಿಂಗನ್ನು ಎರಡು ಸಲ ಅಲುಗಿಸಿ ನೋಡಿ, "ಬಾಕ್ಸು ಪೋಯಿ, ಸಾರೇ" ಎಂದುಬಿಟ್ಟರಂತೆ. ಹೊಸ ಬಾಕ್ಸಿಗೆ ಹೇಳಿದ ಬೆಲೆ ಯಜಮಾನರ ಒಂದು ತಿಂಗಳ ಸಂಬಳವನ್ನು ಮುಟ್ಟುವಂಥದು. ಹಾಕಿಸುವುದೋ ಬೇಡವೋ ಎಂದು ಕೇಳಿದ್ದಾರೆ.

ಈಗಲೇ ಬೇಡ. ಹಾಗೆಂದು ಜೀಪನ್ನು ಹಾಗೆಯೇ ಕುಂಬಳೆಗೆ ಹೊರಡಿಸಲೂ ಕೂಡದು.

ನಮ್ಮ ಕಚೇರಿಯಲ್ಲಿ ಒಂದು ಕಡತ ಮೇಲಿನಿಂದ ಹೊರಟು ಕೆಳಗಿನ ಮೇಜಿಗೆ ಬರುವಷ್ಟರಲ್ಲಿ ಆರು ಕೈ ದಾಟುತ್ತದೆ. ಒಬ್ಬೊಬ್ಬರೂ ಒಂದೊಂದು ದಿನ ಇಟ್ಟುಕೊಂಡರೂ ಸಾಕು, ವಾರ ಕಳೆಯಿತು. ಯಾರನ್ನು ಕೇಳಿದರೂ "ನನ್ನಲ್ಲಿ ಒಂದೇ ದಿನವಿತ್ತು" ಎನ್ನುತ್ತಾರೆ. ಅದು ನಿಜವೂ ಹೌದು. ಜೀಪಿನ ಸ್ಟೀರಿಂಗೂ ಹೀಗೆಯೇ. ನಾವು ತಿರುಗಿಸಿದ್ದು ಮೊದಲು ಬಾಕ್ಸಿಗೆ, ಅಲ್ಲಿಂದ ಪಿಟ್‌ಮನ್ ತೋಳಿಗೆ, ಡ್ರ್ಯಾಗ್ ಲಿಂಕಿಗೆ, ಬೆಲ್ ಕ್ರ್ಯಾಂಕಿಗೆ, ಟೈ ರಾಡುಗಳಿಗೆ, ಕೊನೆಗೆ ಗಾಲಿಗೆ ಹೋಗುತ್ತದೆ. ಒಂದೊಂದು ಕೀಲಿನಲ್ಲಿ ಕೂದಲೆಳೆಯಷ್ಟು ಸವೆತವಿದ್ದರೂ ಕೈಗೆ ಬರುವಾಗ ಅದು ನಾಲ್ಕು ಬೆರಳಾಗಿರುತ್ತದೆ. ಮಹೀಂದ್ರದವರು ಹಿಂದೆ ವಿಲ್ಲೀಸ್ ಜೀಪುಗಳನ್ನು ಜೋಡಿಸುತ್ತಿದ್ದರು. ಆ ವಿಲ್ಲೀಸ್ ಮಾದರಿಯ ಹಳೆಯ ಗಾಡಿಗಳಲ್ಲಿ ಬೆಲ್ ಕ್ರ್ಯಾಂಕೆಂಬ ನಡುವಿನ ಗುಮಾಸ್ತನೊಬ್ಬ ಹೆಚ್ಚಾಗಿ ಇದ್ದೇ ಇರುತ್ತಾನೆ. ನಂತರದ ಕೆಲವು ಗಾಡಿಗಳಲ್ಲಿ ಅವನ ಹುದ್ದೆ ರದ್ದಾಗಿದೆ.

ಎಷ್ಟು ಸಡಿಲವಾದರೆ ಹೆಚ್ಚು? 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 98ನೆಯದು ಇದನ್ನು ಹೇಳುತ್ತದೆ: ಸ್ಟೀರಿಂಗಿನಲ್ಲಿ ಈ ಪೊಳ್ಳು ತಿರುಗು 30 ಡಿಗ್ರಿಯನ್ನು ಮೀರಕೂಡದು. ಗಡಿಯಾರದ ಮುಖದಲ್ಲಿ 12ರಿಂದ 1ಕ್ಕೆ ಇರುವಷ್ಟು ಅಂತರ. ಹದಿನಾರು ಅಂಗುಲ ಅಗಲದ ಸ್ಟೀರಿಂಗಿನಲ್ಲಿ ಅಂಚಿನ ಮೇಲೆ ಅಳೆದರೆ ನಾಲ್ಕು ಅಂಗುಲದ ಮೇಲಾಗುತ್ತದೆ. ಸರ್ಕಾರಿ ನೌಕರನಾಗಿ ನಿಯಮದ ಮೇಲೆ ನನಗೆ ಗೌರವವುಂಟು. ಆದರೆ ಇದು ದಾಟಬಾರದ ಎಲ್ಲೆಯೇ ಹೊರತು ತಲುಪಬೇಕಾದ ಗುರಿಯಲ್ಲ. ಮಕ್ಕಳನ್ನು ಕೂರಿಸಿಕೊಂಡು ಲಾರಿಗಳ ಪಕ್ಕದಲ್ಲಿ ಹೋಗುವವರಿಗೆ ಅದರ ಅರ್ಧವೂ ಹೆಚ್ಚೇ. ಹದಿನೈದು ವರ್ಷ ತುಂಬಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕಷ್ಟೆ. ಆ ತಪಾಸಣೆಯ ದಿನ ಬರಲಿ ಎಂದು ಕಾದಿರುವವರೂ ಉಂಟು. ಕಾಯಬೇಡಿ.

ಮೊದಲು ಖರ್ಚಿಲ್ಲದ್ದನ್ನು ನೋಡಿ. ಮುಂದಿನ ಎರಡು ಟಯರುಗಳಲ್ಲಿ ಗಾಳಿ ಸಮನಾಗಿದೆಯೇ? ಒಂದರಲ್ಲಿ ಕಡಮೆಯಿದ್ದರೆ ಗಾಡಿ ಆ ಕಡೆಗೆ ಎಳೆಯುತ್ತದೆ, ದೂರು ಸ್ಟೀರಿಂಗಿನ ಮೇಲೆ ಬರುತ್ತದೆ. ನಾಲ್ಕು ಗಾಲಿಗೂ ಓಟ ಕೊಡುವ ಗೇರನ್ನು ಬಿಡಿಸಿರಬೇಕು. ಟಾರು ರಸ್ತೆಯ ಮೇಲೆ ಅದನ್ನು ಹಾಕಿಟ್ಟರೆ ಸ್ಟೀರಿಂಗು ಬಿಗಿಯಾಗಿ, ರೋಗವೇ ಮುಚ್ಚಿಹೋಗುವುದುಂಟು.

ಇನ್ನು ಪರೀಕ್ಷೆ. ಇದಕ್ಕೆ ಇಬ್ಬರು ಬೇಕು. ಗಾಡಿಯ ಭಾರ ಗಾಲಿಗಳ ಮೇಲೆಯೇ ಇರಬೇಕು, ಜ್ಯಾಕಿನ ಮೇಲಲ್ಲ. ಸಮತಟ್ಟಾದ ನೆಲದಲ್ಲಿ ಎಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗಳನ್ನು ನೆಟ್ಟಗಿಡಿ. ಸಹೋದರಿಯವರು ಸ್ಟೀರಿಂಗಿನ ಮುಂದೆ ಕುಳಿತು, ಟಯರು ತಿರುಗದಷ್ಟೇ ಮೆಲ್ಲಗೆ, ಮೊಸರು ಕಡೆಯುವಂತೆ ಅತ್ತಿತ್ತ ಆಡಿಸುತ್ತಿರಲಿ. ಯಜಮಾನರು ಹಳೆಯ ಚಾಪೆಯೊಂದನ್ನು ಹಾಸಿಕೊಂಡು ಜೀಪಿನ ಮುಂದೆ ಮಲಗಲಿ. ಒಂದೊಂದು ಕೀಲಿನ ಮೇಲೂ ಕೈಯಿಟ್ಟು ನೋಡಬೇಕು. ಕೀಲಿನ ಈಚೆಯ ಭಾಗ ಆಡಿ ಆಚೆಯದು ಸುಮ್ಮನಿದ್ದರೆ ಸಡಿಲ ಅಲ್ಲಿಯೇ. ಕಣ್ಣಿಗೆ ಕಾಣದ 'ಟಕ್' ಎಂಬುದು ಬೆರಳಿಗೆ ತಿಳಿಯುತ್ತದೆ.

ಬಾಕ್ಸನ್ನು ಫ್ರೇಮಿಗೆ ಹಿಡಿದಿರುವ ಬೋಲ್ಟುಗಳನ್ನು ಮರೆಯದೆ ನೋಡಿ. ಅವು ಸಡಿಲಿದ್ದರೆ, ಅಥವಾ ಅಲ್ಲಿ ಫ್ರೇಮೇ ಸೀಳಿದ್ದರೆ, ಸ್ಟೀರಿಂಗಿನೊಡನೆ ಇಡೀ ಬಾಕ್ಸೇ ಅಲುಗುತ್ತದೆ. ಅಂಥ ಫ್ರೇಮಿಗೆ ಹೊಸ ಬಾಕ್ಸು ಹಾಕಿದರೆ ಹೊಸ ಬಾಕ್ಸು ಅಲುಗುತ್ತದೆ, ಅಷ್ಟೇ. ಪಿಟ್‌ಮನ್ ತೋಳಿನ ನಟ್ಟು, ಲಿಂಕಿನ ಎರಡು ತುದಿ, ಬೆಲ್ ಕ್ರ್ಯಾಂಕಿನ ಬೇರಿಂಗು, ಟೈ ರಾಡಿನ ತುದಿಗಳು, ಹೀಗೆ ಕ್ರಮವಾಗಿ ಗಾಲಿಯವರೆಗೆ ಬನ್ನಿ. ಬೆಲ್ ಕ್ರ್ಯಾಂಕು ಗಾಡಿಯ ಮೂತಿಯ ಕೆಳಗಿರುವುದರಿಂದ ಕೆಸರೂ ನೀರೂ ಮೊದಲು ಅದಕ್ಕೇ ಬಡಿಯುತ್ತವೆ. ಕೊಚ್ಚಿಯ ಮಳೆಗಾಲದಲ್ಲಿ ರಸ್ತೆಯ ನೀರಿನಲ್ಲಿ ಹಾದುಬಂದ ಜೀಪಿಗೆ ಆ ವಾರವೇ ಗ್ರೀಸು ಹೊಡೆಸದಿದ್ದರೆ ಸವೆತ ಬೇಗ ಬರುತ್ತದೆ.

ಇದಾದ ಮೇಲೆ ಜ್ಯಾಕು. ಹಿಂದಿನ ಗಾಲಿಗಳಿಗೆ ಕಲ್ಲಿಟ್ಟು, ಮುಂದಿನ ಒಂದು ಗಾಲಿಯನ್ನು ನೆಲದಿಂದ ಎತ್ತಿ, ಆಕ್ಸಲ್ಲಿನ ಕೆಳಗೆ ಭದ್ರವಾದ ಆಸರೆಯನ್ನಿಡಿ. ಬರೀ ಜ್ಯಾಕನ್ನು ನಂಬಿ ಯಾರೂ ಕೆಳಗೆ ನುಸುಳಬಾರದು. ಟಯರನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿ. ಅಲುಗಿದರೆ, ಇನ್ನೊಬ್ಬರು ಬ್ರೇಕನ್ನು ಒತ್ತಿ ಹಿಡಿಯಲಿ. ಆಗ ಅಲುಗಾಟ ನಿಂತರೆ ದೋಷ ಗಾಲಿಯ ಬೇರಿಂಗಿನದು. ಬ್ರೇಕು ಒತ್ತಿದರೂ ಅಲುಗುತ್ತಿದ್ದರೆ ಕಿಂಗ್ ಪಿನ್ನಿನದು. ಸಾಧಾರಣ ಗಾಡಿಯಲ್ಲಿ ಕಿಂಗ್ ಪಿನ್ ಎಂಬುದು ಒಂದೇ ಉದ್ದನೆಯ ಸರಳು. ಜೀಪಿನಲ್ಲಿ ಮುಂದಿನ ಗಾಲಿಗೂ ಓಟ ಹೋಗಬೇಕಾದ್ದರಿಂದ ನಡುವೆ ಶಾಫ್ಟ್ ಹಾಯುತ್ತದೆ. ಆದಕಾರಣ ಮೇಲೊಂದು ಕೆಳಗೊಂದು ಗಿಡ್ಡ ಪಿನ್ನುಗಳು, ಅವಕ್ಕೆ ಬೇರೆಬೇರೆ ಬೇರಿಂಗು. ಸವೆತ ಅಲ್ಪವಾಗಿದ್ದರೆ ಅಲ್ಲಿರುವ ತೆಳುವಾದ ಶಿಮ್ಮುಗಳನ್ನು ಕಡಮೆ ಮಾಡಿ ಬಿಗಿ ತರಬಹುದು. ವೇಗದಲ್ಲಿ ಗುಂಡಿಗೆ ಬಿದ್ದೊಡನೆ ಮುಂದಿನ ಗಾಲಿಗಳು ಗಡಗಡ ನಡುಗುವ ಜೀಪಿನಲ್ಲಿ ಈ ಪಿನ್ನುಗಳನ್ನೇ ಮೊದಲು ನೋಡತಕ್ಕದ್ದು.

ಎಲ್ಲವೂ ಬಿಗಿಯಾಗಿದ್ದು, ಸ್ಟೀರಿಂಗು ಆಡಿದರೂ ಪಿಟ್‌ಮನ್ ತೋಳು ಮಾತ್ರ ಆಡದಿದ್ದರೆ, ಆಗ ಆಶಾನ್ ಹೇಳಿದ್ದು ಸರಿ, ದೋಷ ಬಾಕ್ಸಿನದೇ. ಆದರೆ ಇಲ್ಲಿಯೂ ಒಂದು ಅಪಾಯವುಂಟು. ಬಾಕ್ಸಿನ ಮೇಲೆ ಬಿಗಿ ಮಾಡುವ ಸ್ಕ್ರೂ ಇರುತ್ತದೆ. ಅದನ್ನು ಎರಡು ಸುತ್ತು ತಿರುಗಿಸಿ "ಶರಿಯಾಯಿ" ಎಂದು ಕಳುಹಿಸುವವರು ಬಹಳ. ಗಾಡಿ ಹೆಚ್ಚಾಗಿ ನೆಟ್ಟಗೇ ಓಡುವುದರಿಂದ ಬಾಕ್ಸು ನಡುವಿನಲ್ಲಿಯೇ ಹೆಚ್ಚು ಸವೆದಿರುತ್ತದೆ. ಆ ಸವೆತ ಮುಚ್ಚುವಷ್ಟು ಬಿಗಿದರೆ, ಸವೆಯದ ಎರಡು ಪಕ್ಕಗಳಲ್ಲಿ ಅದು ಕಚ್ಚಿ ಹಿಡಿಯುತ್ತದೆ. ಇಲ್ಲಿ ತಿರುವನಂತಪುರದಲ್ಲಿ ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರ ಜೀಪಿಗೆ ಹೀಗೆಯೇ ಆಯಿತು. ಊರೊಳಗೆ ಗಾಡಿ ಸೊಗಸಾಗಿ ಓಡಿತು. ಪೊನ್ಮುಡಿಗೆ ಹೊರಟರು, ಅಲ್ಲಿ 22 ಕಡಿದಾದ ತಿರುವುಗಳಿವೆ. ಎರಡನೆಯ ತಿರುವಿನಲ್ಲಿ ತಿರುಗಿದ ಸ್ಟೀರಿಂಗು ತಾನಾಗಿ ಮರಳಲೊಲ್ಲದು. ಹೆಂಡತಿ ಮಕ್ಕಳನ್ನು ಬಸ್ಸಿಗೆ ಹತ್ತಿಸಿ, ಅವರು ನಡಿಗೆಯ ವೇಗದಲ್ಲಿ ಇಳಿದು ಬಂದರು. ಸ್ಕ್ರೂ ಬಿಗಿಯುವುದಾದರೆ ಡ್ರ್ಯಾಗ್ ಲಿಂಕನ್ನು ಬಿಚ್ಚಿ, ಬಾಕ್ಸನ್ನು ನಡುವಿಗೆ ತಂದು, ಸ್ವಲ್ಪ ಸ್ವಲ್ಪವಾಗಿ ಬಿಗಿದು, ಪ್ರತಿ ಸಲವೂ ಆ ತುದಿಯಿಂದ ಈ ತುದಿಗೆ ತಿರುಗಿಸಿ ನೋಡಬೇಕು. ಎಲ್ಲಿಯಾದರೂ ಹಿಡಿದರೆ ಅಲ್ಲಿಗೆ ನಿಲ್ಲಿಸಿ, ಆಗ ಹೊಸ ಬಾಕ್ಸಿನ ಮಾತೆತ್ತಬಹುದು.

ಸಡಿಲವೇ ಇಲ್ಲದೆ ಗಾಡಿ ಅಲೆಯುವುದೂ ಉಂಟು. ಮುಂದಿನ ಪಟ್ಟೆ ಸ್ಪ್ರಿಂಗುಗಳು ಕುಗ್ಗಿದ್ದರೆ, ಶ್ಯಾಕಲ್ಲಿನ ಬುಷ್ಷುಗಳು ಸವೆದಿದ್ದರೆ ಆಕ್ಸಲ್ಲೇ ಜಾಗ ಬಿಡುತ್ತದೆ. ಮುಂದೆ ಮಲಗಿದಾಗಲೇ ಅತ್ತಲೂ ಒಮ್ಮೆ ಕಣ್ಣು ಹಾಯಿಸಿ.

ಕೀಲುಗಳನ್ನು ಬದಲಿಸಿದ ಮೇಲೆ ಗಾಲಿಗಳ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲವಾದರೆ ಹೊಸ ಟಯರೂ ಬೇಗ ಸವೆದುಹೋಗುತ್ತದೆ. ಬೋಲ್ಟುಗಳು ಕಳಚದಂತೆ ಭದ್ರವಾಗಿರಬೇಕೆಂದು ಅದೇ 98ನೆಯ ನಿಯಮ ಹೇಳುತ್ತದೆ. ನಟ್ಟಿಗೆ ಹಾಕುವ ಕಾಟರ್ ಪಿನ್ನನ್ನು, ಹಳೆಯದನ್ನೇ ಸುತ್ತಿಗೆಯಿಂದ ನೆಟ್ಟಗೆ ಮಾಡಿ ಹಾಕಲು ಬಿಡಬೇಡಿ. ಹೊಸದಕ್ಕೆ ಕೆಲವೇ ರೂಪಾಯಿ. ಹೋಗುವಾಗಲೇ ನಾಲ್ಕನ್ನು ಕೊಂಡು ಜೇಬಿನಲ್ಲಿಟ್ಟುಕೊಳ್ಳಿ.